ವೈಕಿಂಗರು ಈಟಿಗೆ ಹಗ್ಗ ಕಟ್ಟಿ ವಾಪಸ್ ಎಳೆಯುತ್ತಿದ್ದರಾ? (ಮಸಾಲೆ ದೋಸೆ ಪಂದ್ಯ ಇದೆ, ಬೇಗ ಹೇಳಿ)

ದಾವಣಗೆರೆ_ಬೆಣ್ಣೆ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರವಾಗಿದೆ, ಬೈಬೇಡಿ.

ರಜೆಗೆ ಅಕ್ಕನ ಮಗ ಬಂದಿದ್ದಾನೆ. ದಿನವಿಡೀ ಮೊಬೈಲಲ್ಲಿ ಒಂದು ವೈಕಿಂಗ್ ಗೇಮ್. (ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದಿನ ಉತ್ತರ ಯುರೋಪಿನ ಕಡಲ ಯೋಧರು.) ಅದರಲ್ಲಿ ನಾಯಕ ಈಟಿ ಎಸೆಯುತ್ತಾನೆ, ಅದು ಶತ್ರುವಿನ ಎದೆಗೆ ನಾಟುತ್ತದೆ. ಇವನು ಕೈಯಲ್ಲಿರುವ ಹಗ್ಗ ಜಗ್ಗಿದರೆ ಈಟಿ ಸುಂಯ್ ಅಂತ ವಾಪಸ್ ಬರುತ್ತದೆ. ನಾನು "ಇದೆಲ್ಲ ಬೊಗಳೆ ಕಣೋ" ಅಂದೆ. ಅವನು ಅರ್ಧ ಗಂಟೆ ಹುಡುಕಿ ಬಂದು, "ಮಾಮಾ, ವೈಕಿಂಗರ ಹಳೇ ನಾರ್ಸ್ ಭಾಷೆಯಲ್ಲಿ ಹಗ್ಗದ ಈಟಿ ಅಂತಲೇ ಒಂದು ಪದ ಇದೆ" ಅಂದ. ಸ್ನೈರಿಸ್‌ಸ್ಪ್ಯೋತ್ ಅಂತೆ. ಸ್ನೈರಿ ಅಂದರೆ ಹುರಿ, ಸ್ಪ್ಯೋತ್ ಅಂದರೆ ಈಟಿ.

ಈಗ ನನ್ನ ಮರ್ಯಾದೆ ಪ್ರಶ್ನೆ. ಸೋತವರು ಬೆಣ್ಣೆ ಮಸಾಲೆ ದೋಸೆ ಕೊಡಿಸಬೇಕು. ಅವನು ಒಂದು ಸಲಕ್ಕೆ ನಾಲ್ಕು ತಿನ್ನುತ್ತಾನೆ. ತಿಳಿದವರು ಹೇಳಿ, ಹಗ್ಗ ಯಾಕೆ ಕಟ್ಟುತ್ತಿದ್ದರು?

ಸುಮ್ನೆ_ಬಂದೆ
ಹುಡುಗ ಗೆದ್ದ. ದೋಸೆ ಕೊಡಿಸಿ.

ಗೇಮರ್_ಗುರು
ವಾಪಸ್ ಬರುವ ಈಟಿ ಇದೆಯಲ್ಲ ಗುರು, ಓಡಿನ್ ದೇವರ ಗುಂಗ್ನಿರ್. ಎಸೆದರೆ ಗುರಿ ತಪ್ಪಲ್ಲ, ತಾನಾಗೇ ಕೈಗೆ ಬರುತ್ತೆ. ಗೇಮ್‌ನವರು ಅದನ್ನೇ ತಗೊಂಡಿದ್ದಾರೆ.

ಹಳೇ_ಪೆಟ್ಟಿಗೆ
@ಗೇಮರ್_ಗುರು ಇದು ಎಲ್ಲರೂ ಮಾಡುವ ತಪ್ಪು. ಕೈಗೆ ವಾಪಸ್ ಬರುವುದು ಥೋರ್‌ನ ಸುತ್ತಿಗೆ, ಮ್ಯೋಲ್ನಿರ್. 1220ರ ಆಸುಪಾಸಿನಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದ ಎಡ್ಡಾ ಅನ್ನುವ ಪುರಾಣ ಗ್ರಂಥದಲ್ಲಿ ಎರಡೂ ಆಯುಧಗಳ ಕಥೆ ಒಂದೇ ಕಡೆ ಬರುತ್ತದೆ. ಕುಳ್ಳ ಕಮ್ಮಾರರು ದೇವರುಗಳಿಗೆ ಉಡುಗೊರೆ ಮಾಡಿಕೊಡುವ ಕಥೆ ಅದು. ಸುತ್ತಿಗೆ ಎಷ್ಟು ದೂರ ಎಸೆದರೂ ಕೈಗೆ ಮರಳುತ್ತದೆ ಅಂತ ಅಲ್ಲಿದೆ. ಗುಂಗ್ನಿರ್‌ಗೆ ಹೇಳಿರುವ ಗುಣ ಬೇರೆ. ಅದು ಚುಚ್ಚುವಾಗ ಎಲ್ಲೂ ನಿಲ್ಲುವುದಿಲ್ಲ, ಅಷ್ಟೇ. ವಾಪಸ್ ಬರುವ ಮಾತೇ ಇಲ್ಲ.

ಇನ್ನು ಬೆಣ್ಣೆಯವರ ಪ್ರಶ್ನೆ. ಪದ ನಿಜ, ಹುಡುಗ ಸುಳ್ಳು ಹೇಳಿಲ್ಲ. ಆದರೆ ಆ ಹುರಿ ಎಳೆಯುವುದಕ್ಕಲ್ಲ, ಎಸೆಯುವುದಕ್ಕೆ. ಗ್ರೀಕರು ಇದಕ್ಕೆ ಆಂಕಿಲೆ ಅನ್ನುತ್ತಿದ್ದರು, ರೋಮನ್ನರು ಅಮೆಂಟಂ ಅನ್ನುತ್ತಿದ್ದರು. ಈಟಿಯ ಕಾವಿನ ಮೇಲೆ, ತೂಕ ಸಮ ಬರುವ ಜಾಗದ ಹತ್ತಿರ, ಒಂದು ತೊಗಲಿನ ಮಿಣಿ ಸುತ್ತುತ್ತಾರೆ. ತುದಿಯಲ್ಲಿ ಕುಣಿಕೆ ಬಿಡುತ್ತಾರೆ. ಅದರೊಳಗೆ ತೋರುಬೆರಳು, ಬೇಕಾದರೆ ನಡುಬೆರಳನ್ನೂ ತೂರಿಸಿ ಎಸೆಯುತ್ತಾರೆ. ಮಿಣಿ ಈಟಿಯ ಜೊತೆಗೇ ಹಾರಿ ಹೋಗುತ್ತದೆ. ನಾರ್ಸ್ ಹುರಿ ಈಟಿಯನ್ನೂ ಇದೇ ಬಗೆಯದು ಅಂತ ಓದುವುದು ವಾಡಿಕೆ.

ಗೇಮರ್_ಗುರು
ಓಹ್. ಸುತ್ತಿಗೆ ಈಟಿ ಕಲಸಿ ಹೋಗಿದೆ ನನಗೆ. ಸಾರಿ ಸರ್.

ದಾವಣಗೆರೆ_ಬೆಣ್ಣೆ
ಪೆಟ್ಟಿಗೆ ಸರ್, ನೀವು ನನ್ನ ಪಾಲಿನ ದೇವರು. ಒಂದೇ ಡೌಟು. ಬೆರಳಿಗೆ ದಾರ ಸಿಕ್ಕಿಸಿದರೆ ಈಟಿ ಬೆರಳಲ್ಲೇ ಸಿಕ್ಕಿಕೊಳ್ಳಲ್ವಾ?

ಕ್ವಾಂಟಂ_ಕೊಟ್ರೇಶಿ
ಬುಗುರಿ ಆಡಿದ್ದೀರಾ ಸರ್? ಚಾಟಿ ಸುತ್ತಿ ಬೀಸಿದಾಗ ಬುಗುರಿ ಚಾಟಿಗೆ ಸಿಕ್ಕಿಕೊಳ್ಳುತ್ತಾ? ಬಿಚ್ಚಿಕೊಂಡು ಹೋಗುತ್ತೆ, ಬಿಚ್ಚಿಕೊಳ್ಳುವಾಗಲೇ ತಿರುಗೋದಕ್ಕೂ ಶುರುವಾಗುತ್ತೆ. ಇಲ್ಲೂ ಅದೇ. ಒಂದೇ ವ್ಯತ್ಯಾಸ. ಬುಗುರಿಯಲ್ಲಿ ಚಾಟಿ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಈಟಿಯಲ್ಲಿ ಮಿಣಿಯ ಒಂದು ತುದಿ ಕಾವಿಗೆ ಕಟ್ಟಿರುವುದರಿಂದ ಅದರ ಜೊತೆ ಹೋಗುತ್ತದೆ.

ಎರಡು ಲಾಭ ಇದೆ. ಮೊದಲನೆಯದು, ತೋಳು ಉದ್ದ ಆದ ಹಾಗೆ. ಕೈ ಕಾವನ್ನು ಬಿಟ್ಟ ಮೇಲೂ ಬೆರಳು ಕುಣಿಕೆಯ ಮೂಲಕ ಇನ್ನೂ ತಳ್ಳುತ್ತಲೇ ಇರುತ್ತದೆ. ಆ ಒಂದು ಕ್ಷಣದ ತಳ್ಳು ಜಾಸ್ತಿ ವೇಗ ಕೊಡುತ್ತದೆ. ಎರಡನೆಯದು ತಿರುಗು. ಸುತ್ತಿದ ಮಿಣಿ ಬಿಚ್ಚುವಾಗ ಈಟಿ ತನ್ನ ಉದ್ದದ ಸುತ್ತ ಗಿರಗಿರ ತಿರುಗುತ್ತದೆ. ತಿರುಗುವ ವಸ್ತು ದಿಕ್ಕು ಬದಲಿಸಲು ಒಪ್ಪಲ್ಲ. ಬಂದೂಕಿನ ನಳಿಗೆಯೊಳಗೆ ಸುರುಳಿ ಗೆರೆ ಕೊರೆಯುವುದೂ ಇದಕ್ಕೇ.

ಆದರೆ ಭಾರದ ಈಟಿಗೆ ಇದರಿಂದ ಲಾಭ ಕಡಿಮೆ. ಹಗುರಾದ, ಎಸೆಯುವುದಕ್ಕೇ ಮಾಡಿದ ಈಟಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಭೌತಶಾಸ್ತ್ರ ಓದ್ತಾರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಸಿಲಬಸ್ಸಿನಲ್ಲಿ ಜಾಗ ಇಲ್ಲ.

ಸುಮ್ನೆ_ಬಂದೆ
ಕೊಟ್ರೇಶಿ ಮೇಷ್ಟ್ರೇ, ಕ್ಲಾಸಿಗೆ ಈಟಿ ತಂದರೆ ಹೆಡ್‌ಮಾಸ್ಟರ್ ನಿಮ್ಮನ್ನೇ ಎಸೀತಾರೆ.

ಟ್ರ್ಯಾಕ್‌ಸೂಟ್
ಜಾವೆಲಿನ್ ಎಸೆದವನು ನಾನು, ಕಾಲೇಜಿನಲ್ಲಿ. ಈಗಿನ ಜಾವೆಲಿನ್‌ನ ನಡುವೆಯೂ ಹುರಿ ಸುತ್ತಿರುತ್ತಾರೆ, ಗಮನಿಸಿದ್ದೀರಾ? ಅದು ಬರೀ ಹಿಡಿತಕ್ಕೆ, ಕುಣಿಕೆ ಇರಲ್ಲ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದಾಗ ನಾನು ಅಲ್ಲೇ ಇದ್ದೆ. ಈಟಿ ಗಾಳಿಯಲ್ಲಿ ಸಣ್ಣಗೆ ನಡುಗುತ್ತಾ ಹೋಗುತ್ತೆ. ಟಿವಿಯಲ್ಲಿ ಅದು ಕಾಣಲ್ಲ.

ಇನ್ನೊಂದು ತಮಾಷೆ. ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಸೇರಿದ್ದು 1908ರ ಲಂಡನ್ ಕೂಟದಲ್ಲಿ. ಚಿನ್ನ ಗೆದ್ದವನು ಸ್ವೀಡನ್ನಿನ ಎರಿಕ್ ಲೆಮ್ಮಿಂಗ್. ವೈಕಿಂಗರ ಮೊಮ್ಮಗ ಅನ್ನಿ.

ಗೇಮರ್_ಗುರು
ಹಾಗಾದ್ರೆ ನೀರಜ್ ಆ ಮಿಣಿ ಕಟ್ಟಿ ಎಸೆದರೆ 120 ಮೀಟರ್ ಹೋಗುತ್ತಾ???

ಟ್ರ್ಯಾಕ್‌ಸೂಟ್
ಸುಮ್ನೆ ಇರಪ್ಪ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಎಸೆದಾಗ ಸ್ಟೇಡಿಯಂ ಸಾಲದೇ ಹೋಗುತ್ತೆ ಅಂತ ಹೆದರಿದರು. 1986ರಲ್ಲಿ ಪುರುಷರ ಜಾವೆಲಿನ್‌ನ ತೂಕದ ಬಿಂದುವನ್ನೇ ಮುಂದಕ್ಕೆ ಸರಿಸಿದರು, ಬೇಗ ಮೂತಿ ಕೆಳಗೆ ಮಾಡಲಿ ಅಂತ. ಇನ್ನು ಮಿಣಿ ಕೊಟ್ಟರೆ ಪ್ರೇಕ್ಷಕರಿಗೆ ಗುರಾಣಿ ಕೊಡಬೇಕಾಗುತ್ತೆ.

ಹಳೇ_ಪೆಟ್ಟಿಗೆ
ಫ್ರಾನ್ಸಿನ ಮೂರನೇ ನೆಪೋಲಿಯನ್‌ಗೆ ಹಳೇ ರೋಮನ್ ಆಯುಧಗಳ ಹುಚ್ಚು. ಅವನ ಕಾಲದಲ್ಲಿ ಮಿಣಿ ಪ್ರಯೋಗ ಮಾಡಿ, ಬರಿಗೈಲಿ 20 ಮೀಟರ್ ಹೋದದ್ದು ಮಿಣಿಯಿಂದ 80 ಮೀಟರ್ ಹೋಯಿತು ಅಂತ ವರದಿ ಕೊಟ್ಟರು. ಈ ಅಂಕಿ ಎಲ್ಲ ಕಡೆ ಓಡಾಡುತ್ತದೆ. ನನಗೆ ಮಾತ್ರ ನಂಬಿಕೆ ಇಲ್ಲ. ಬರಿಗೈಲಿ 20 ಮೀಟರ್ ಅಂದರೆ ಎಸೆದವನಿಗೆ ಎಸೆಯೋಕೇ ಬರುತ್ತಿರಲಿಲ್ಲ ಅಂತ ಅರ್ಥ. ಕಲಿತವನ ಕೈಯಲ್ಲಿ ನಾಲ್ಕು ಪಟ್ಟು ಹೆಚ್ಚಲ್ಲ. ಅರ್ಧದಷ್ಟು ಜಾಸ್ತಿ ಹೋದರೂ ದೊಡ್ಡದು.

ಮೀನ್_ಸಾರು
ಅಲ್ಲ ಸ್ವಾಮಿ, ನೀವೆಲ್ಲ ಒಂದೇ ಕಡೆ ವಾಲಿದ್ದೀರಿ. ನಾನು ಕರಾವಳಿಯವನು. ಈಟಿಗೆ ಹಗ್ಗ ಕಟ್ಟಿ ಎಳೆಯುವುದು ಬೊಗಳೆ ಅಲ್ಲವೇ ಅಲ್ಲ. ದೊಡ್ಡ ಮೀನು, ತಿಮಿಂಗಿಲ ಹೊಡೆಯುವ ಹಾರ್ಪೂನ್ ಮತ್ತೇನು? ವೈಕಿಂಗರು ಸಮುದ್ರದ ಜನ. ಬೇಟೆಯಲ್ಲಿ ಹಗ್ಗ ಇತ್ತು ಅಂದಮೇಲೆ ಯುದ್ಧದಲ್ಲಿ ಯಾಕೆ ಇರಬಾರದು?

ಹಳೇ_ಪೆಟ್ಟಿಗೆ
ಒಳ್ಳೆ ಪ್ರಶ್ನೆ. ಹಾರ್ಪೂನ್ ಅವರಲ್ಲಿ ಇತ್ತು, ಸ್ಕುಟಿಲ್ ಅಂತ ಕರೆಯುತ್ತಿದ್ದರು. ಐಸ್‌ಲ್ಯಾಂಡಿನ ಹಳೇ ಕಾನೂನು ಗ್ರಾಗಾಸ್‌ನಲ್ಲಿ ತಿಮಿಂಗಿಲ ಹೊಡೆಯುವ ಮೊನೆಗಳ ಮೇಲೆ ಗುರುತು ಹಾಕಿಸಿ, ಸಭೆಯಲ್ಲಿ ತೋರಿಸಿ ಇಡುವ ಏರ್ಪಾಟು ಬರುತ್ತದೆ. ಯಾಕೆ ಗೊತ್ತಾ? ಹೊಡೆತ ತಿಂದ ತಿಮಿಂಗಿಲ ತಪ್ಪಿಸಿಕೊಂಡು ಎಲ್ಲೋ ಇನ್ನೊಬ್ಬನ ದಡಕ್ಕೆ ಬಂದು ಬೀಳುತ್ತದೆ. ಆಗ ಮೊನೆಯ ಗುರುತು ನೋಡಿ ಹೊಡೆದವನಿಗೆ ಪಾಲು ಕೊಡಬೇಕು. ಅಂದರೆ ಬೇಟೆಯಲ್ಲೇ ಆಯುಧ ಕೈಬಿಟ್ಟು ಹೋಗುವುದು ಮಾಮೂಲು, ಅದಕ್ಕೇ ಕಾನೂನು ಬೇಕಾಯಿತು.

ಯುದ್ಧದಲ್ಲಿ ನೀವು ಹಗ್ಗ ಹಿಡಿದಿದ್ದೀರಿ ಅಂದುಕೊಳ್ಳಿ. ಈಟಿ ಎದುರಾಳಿಯ ಗುರಾಣಿಗೆ ನಾಟಿತು. ಈಗ ಹಗ್ಗದ ಇನ್ನೊಂದು ತುದಿ ಅವನ ಹತ್ತಿರ ಇದೆ. ಅವನ ಪಕ್ಕದಲ್ಲಿ ಗೆಳೆಯರೂ ಇದ್ದಾರೆ. ನಿಮ್ಮ ಒಂದು ಕೈ ಹಗ್ಗದಲ್ಲಿ ಕಟ್ಟಿಹಾಕಿದೆ. ಇದು ಯುದ್ಧ ಅಲ್ಲ, ಹಗ್ಗಜಗ್ಗಾಟ.

ಸುಮ್ನೆ_ಬಂದೆ
ಊರ ಜಾತ್ರೆಯಲ್ಲಿ ಎದುರು ಟೀಮಿನವರು ಎಂಟು ಜನ ಪೈಲ್ವಾನರು 😂

ಮೀನ್_ಸಾರು
ಸರಿ, ಹಗ್ಗಜಗ್ಗಾಟ ಒಪ್ಪಿದೆ. ತಿಮಿಂಗಿಲಕ್ಕೆ ಗುರಾಣಿ ಇಲ್ಲ.

ಆರ್ಹುಸ್_ಕನ್ನಡತಿ
ನಾನು ಡೆನ್ಮಾರ್ಕಿನ ಆರ್ಹುಸ್‌ನಲ್ಲಿದ್ದೇನೆ, ಕೆಲಸಕ್ಕೆ ಬಂದು ಆರು ವರ್ಷ ಆಯಿತು. ಇಲ್ಲಿ ಊರ ಹೊರಗೆ ಮೋಸ್‌ಗಾರ್ಡ್ ಮ್ಯೂಸಿಯಂ ಇದೆ. ಇಂಡಿಯಾದಿಂದ ಯಾರು ಬಂದರೂ ಕರೆದುಕೊಂಡು ಹೋಗುತ್ತೇನೆ, ಹಾಗಾಗಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಇಲ್ಲೆರುಪ್ ಓಡಾಲ್ ಅನ್ನುವ ಜಾಗದ ಆಯುಧಗಳನ್ನು ಇಟ್ಟಿದ್ದಾರೆ. ಸುಮಾರು 15,000 ವಸ್ತುಗಳು ಸಿಕ್ಕಿವೆ. ಅಲ್ಲಿನ ದೊಡ್ಡ ರಾಶಿ ಕ್ರಿ.ಶ. 200ರ ಆಸುಪಾಸಿನದು, ಅಂದರೆ ವೈಕಿಂಗರಿಗಿಂತ ಆರುನೂರು ವರ್ಷ ಹಿಂದಿನದು. ಸೋತ ಸೈನ್ಯದ ಆಯುಧಗಳನ್ನೆಲ್ಲ ಮುರಿದು, ಬಗ್ಗಿಸಿ, ಕೆರೆಗೆ ಹಾಕಿಬಿಟ್ಟಿದ್ದಾರೆ. ಹರಕೆ ಥರ. ಬಗ್ಗಿಸಿದ ಕತ್ತಿಗಳನ್ನು ನೋಡಿದರೆ ಹೊಟ್ಟೆ ಒಂಥರಾ ಆಗುತ್ತದೆ.

ಅಲ್ಲಿ ಈಟಿ ಎರಡು ಬಗೆ. ಒಂದು ಅಗಲ ಅಲಗಿನದು, ಚುಚ್ಚುವುದಕ್ಕೆ. ಇನ್ನೊಂದು ಸಣ್ಣ ಮೂತಿ, ಹಿಂದಕ್ಕೆ ಬಾಗಿದ ಮುಳ್ಳು, ಗಾಳದ ಹಾಗೆ. ಅದು ಎಸೆಯುವುದಕ್ಕೆ. ಸಾಮಾನ್ಯ ಸೈನಿಕನ ಹತ್ತಿರ ಎರಡೂ ಒಂದೊಂದು ಇರುತ್ತಿತ್ತಂತೆ. ಗಾಳದ ಮುಳ್ಳು ಇರುವ ಈಟಿಯನ್ನು ಎಳೆದರೆ ಬರುತ್ತದಾ? ಬರಬಾರದು ಅಂತಲೇ ಮುಳ್ಳು ಇಟ್ಟಿರುವುದು. ಗುರಾಣಿಗೆ ನಾಟಿದರೆ ಅವನು ಗುರಾಣಿಯನ್ನೇ ಬಿಸಾಕಬೇಕು. ಬೆಣ್ಣೆಯವರೇ, ದೋಸೆ ನಿಮ್ಮದೇ.

ದಾವಣಗೆರೆ_ಬೆಣ್ಣೆ
ಅಕ್ಕಾ, ಇದನ್ನು ಅವನಿಗೆ ಓದಿ ಹೇಳಿದೆ. "ಅದು ವೈಕಿಂಗ್ ಅಲ್ಲವಲ್ಲ, 600 ವರ್ಷ ಹಿಂದಿನದು" ಅಂತಾನೆ. ವಕೀಲ ಆಗ್ತಾನೆ ಇವನು.

ಆರ್ಹುಸ್_ಕನ್ನಡತಿ
ಹಹ, ಪಾಯಿಂಟು ಸರಿಯಾಗೇ ಇದೆ. ಆದರೆ ಮರದ ಕಾವು, ತೊಗಲಿನ ಮಿಣಿ ಮಣ್ಣಲ್ಲಿ ಉಳಿಯಲ್ಲ. ಜೌಗು ನೆಲದಲ್ಲಿ ಗಾಳಿ ಇಲ್ಲದ ಕಡೆ ಮಾತ್ರ ಉಳಿಯುತ್ತದೆ. ವೈಕಿಂಗ್ ಕಾಲಕ್ಕೆ ಹೀಗೆ ರಾಶಿ ರಾಶಿ ಆಯುಧ ಕೆರೆಗೆ ಹಾಕುವ ಪದ್ಧತಿ ನಿಂತಿತ್ತು. ಸಮಾಧಿಗಳಲ್ಲಿ ಸಿಗುವುದು ಹೆಚ್ಚಾಗಿ ಬರೀ ಕಬ್ಬಿಣದ ಅಲಗು. ಅದಕ್ಕೇ ಹುರಿ ವಿಷಯಕ್ಕೆ ಪದಗಳು, ಕಥೆಗಳು, ಈ ಹಳೇ ಜೌಗಿನ ವಸ್ತುಗಳನ್ನೇ ನೆಚ್ಚಬೇಕು.

ಬಯಲುಸೀಮೆ_ಬಸವ
ವೈಕಿಂಗ್ ಅಂದ್ರೆ ಕೊಡಲಿ ಮತ್ತು ಕೊಂಬಿನ ಟೋಪಿ ಅಲ್ವಾ? ಈಟಿ ಎಲ್ಲಿಂದ ಬಂತು?

ಹಳೇ_ಪೆಟ್ಟಿಗೆ
ಕೊಂಬು 1876ರಲ್ಲಿ ಬಂತು, ಜರ್ಮನಿಯ ಒಂದು ಸಂಗೀತ ನಾಟಕದ ವೇಷಭೂಷಣದಿಂದ. ಈಟಿ ಮಾತ್ರ ಮೊದಲಿನಿಂದ ಇದೆ. ಡೆನ್ಮಾರ್ಕಿನ ಆಲ್ಸ್ ದ್ವೀಪದ ಯೋರ್ಟ್‌ಸ್ಪ್ರಿಂಗ್‌ನಲ್ಲಿ ಕ್ರಿ.ಪೂ. 350ರ ಆಸುಪಾಸಿನ ಒಂದು ದೋಣಿ ಸಿಕ್ಕಿತು. ಅದರಲ್ಲಿ ಈಟಿಯ ಮೊನೆ 169, ಕತ್ತಿ ಬರೀ 11. ಕಬ್ಬಿಣ ದುಬಾರಿ. ಒಂದು ಕತ್ತಿಗೆ ಬೇಕಾದ ಕಬ್ಬಿಣದಲ್ಲಿ ಎಷ್ಟೋ ಈಟಿ ಆಗುತ್ತವೆ. ಆಮೇಲೆ ನಾರ್ವೆಯ ಗುಲಾಥಿಂಗ್ ಕಾನೂನು ಕೂಡ ಪ್ರತಿಯೊಬ್ಬ ಗಂಡಸಿನ ಹತ್ತಿರ ಗುರಾಣಿ, ಈಟಿ ಇರಲೇಬೇಕು, ಜೊತೆಗೆ ಕತ್ತಿ ಅಥವಾ ಕೊಡಲಿ ಯಾವುದಾದರೂ ಒಂದು ಇರಲಿ ಅಂತ ಹೇಳುತ್ತದೆ. ಈಟಿಯಲ್ಲಿ ಆಯ್ಕೆ ಇಲ್ಲ, ಗಮನಿಸಿ.

ಬೆಳಗಾವಿ_ಕುಂದಾ
ತಡವಾಗಿ ಬಂದೆ. ಹಗ್ಗದ ಈಟಿ ಸುಳ್ಳು ಅಂತ ಎಲ್ಲರೂ ಠರಾವು ಪಾಸ್ ಮಾಡಿಬಿಟ್ಟಿರಲ್ಲ! ನಮ್ಮ ಪಕ್ಕದ ಕೊಲ್ಲಾಪುರಕ್ಕೆ ಬನ್ನಿ. ಮರ್ದಾನಿ ಖೇಳ್ ಅಂತ ಮರಾಠರ ಆಯುಧ ಕಲೆ ಇದೆ. ಅದರಲ್ಲಿ ವಿಟಾ ಅಂತ ಒಂದು ಗಿಡ್ಡ ಈಟಿ. ಹಿಂದಿನ ತುದಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಮಣಿಕಟ್ಟಿಗೆ. ಎಸಿ, ಹೊಡಿ, ಜಗ್ಗಿ ವಾಪಸ್ ತಗೋ. ನಾನೇ ಪ್ರದರ್ಶನದಲ್ಲಿ ಕಣ್ಣಾರೆ ನೋಡಿದ್ದೇನೆ. ಆಡುವವನ ಸುತ್ತ ಯಾರೂ ನಿಲ್ಲುವ ಹಾಗಿಲ್ಲ, ಹಗ್ಗ ಸುತ್ತುವ ಸದ್ದಿಗೇ ಜನ ಹಿಂದೆ ಸರಿಯುತ್ತಾರೆ.

ದಾವಣಗೆರೆ_ಬೆಣ್ಣೆ
ಅಯ್ಯೋ ಕುಂದಾ, ಗೆಲ್ಲುತ್ತಿದ್ದೆ ನಾನು!!

ಸುಮ್ನೆ_ಬಂದೆ
ಬೆಣ್ಣೆ ಕರಗಿತು.

ಹಳೇ_ಪೆಟ್ಟಿಗೆ
ಕುಂದಾ ಅವರು ಹೇಳಿದ್ದು ಪಕ್ಕಾ ನಿಜ. ಜಗತ್ತಿನಲ್ಲಿ ಹಗ್ಗದ ಈಟಿ ಇಲ್ಲ ಅಂತ ನಾನು ಹೇಳಲಿಲ್ಲ, ನಾರ್ಸ್ ಜನರ ಹುರಿ ಆ ಬಗೆಯದಲ್ಲ ಅಂದೆ. ವಿಟಾ ಕಥೆ ಬೇರೆ. ಸುತ್ತ ಖಾಲಿ ಜಾಗ ಬೇಕು, ಚಲಿಸುತ್ತಾ ಹೊಡೆದು ಸರಿಯುವ ಯುದ್ಧ ಬೇಕು. ಭುಜಕ್ಕೆ ಭುಜ ತಾಗಿಸಿ ಗುರಾಣಿಗಳ ಗೋಡೆ ಕಟ್ಟಿ ನಿಲ್ಲುವವರು ಹಗ್ಗ ಬೀಸಿದರೆ ಮೊದಲು ಬೀಳುವುದು ಪಕ್ಕದವನ ಮೂಗು.

ಹುರಿ ಈಟಿಯಲ್ಲೂ ಎರಡು ಜಾತಿ ಇದೆ, ಅದನ್ನು ಆಗಲೇ ಹೇಳಬೇಕಿತ್ತು. ಒಂದರಲ್ಲಿ ಹುರಿ ಈಟಿಗೆ ಕಟ್ಟಿದ್ದು, ಜೊತೆಗೆ ಹೋಗುತ್ತದೆ. ಇನ್ನೊಂದರಲ್ಲಿ ಹುರಿ ಬಿಡಿ. ಗಂಟಿಗೆ ಸಿಕ್ಕಿಸಿ ಎಸೆದರೆ ಈಟಿ ಹೋಗುತ್ತದೆ, ಹುರಿ ಕೈಯಲ್ಲೇ ಉಳಿಯುತ್ತದೆ, ಥೇಟ್ ಬುಗುರಿ ಚಾಟಿ. ಪೆಸಿಫಿಕ್‌ನ ತನ್ನಾ, ನ್ಯೂ ಕ್ಯಾಲಿಡೋನಿಯಾ ದ್ವೀಪಗಳಲ್ಲಿ 1774ರಲ್ಲಿ ಕ್ಯಾಪ್ಟನ್ ಕುಕ್ ಇದನ್ನು ಕಂಡಿದ್ದ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಜನ ದಾರ ಸುತ್ತಿ ಬಾಣ ಎಸೆಯುವ ಪಂದ್ಯ ಕಟ್ಟಿ ಆಡುತ್ತಿದ್ದರು.

ಕ್ವಾಂಟಂ_ಕೊಟ್ರೇಶಿ
ಬಿಡಿ ಹುರಿಯಲ್ಲಿ ತಿರುಗು ಸಿಗಲ್ಲ, ತಳ್ಳು ಮಾತ್ರ ಸಿಗುತ್ತದೆ. ಹಿಂದೆ ಪುಕ್ಕ ಇದ್ದರೆ ಪರವಾಗಿಲ್ಲ, ಅದೇ ನೆಟ್ಟಗೆ ಇಡುತ್ತದೆ.

ಬೆಳಗಾವಿ_ಕುಂದಾ
ಸರಿ ಸರ್, ಒಪ್ಪಿದೆ. ಆದರೆ ಒಂದು ಪ್ರಶ್ನೆ. ಎಸೆದು ಕಳಕೊಳ್ಳುವುದಾದರೆ ಅದು ಲುಕ್ಸಾನ್ ಅಲ್ವಾ? ಈಟಿ ಹೋಯಿತು, ಕೈ ಖಾಲಿ.

ಹಳೇ_ಪೆಟ್ಟಿಗೆ
ಇದೇ ಅವರ ತಲೆನೋವೂ ಆಗಿತ್ತು! ನಿಜವಾದ ತಮಾಷೆ ಇಲ್ಲಿದೆ, ಕೂತುಕೊಳ್ಳಿ.

ಈಟಿ ಹೋಯಿತು ಅನ್ನುವುದು ಸಣ್ಣ ಚಿಂತೆ. ದೊಡ್ಡ ಚಿಂತೆ ಅಂದರೆ ನಿಮ್ಮ ಈಟಿಯನ್ನೇ ಅವನು ನಿಮ್ಮ ಮೇಲೆ ಎಸೆಯುವುದು. 1250ರ ಸುಮಾರಿಗೆ ನಾರ್ವೆಯಲ್ಲಿ ಬರೆದ 'ರಾಜನ ಕನ್ನಡಿ' ಅನ್ನುವ ಗ್ರಂಥದಲ್ಲಿ ಅಪ್ಪ ಮಗನಿಗೆ ಬುದ್ಧಿ ಹೇಳುತ್ತಾನೆ. ನೆಲದ ಮೇಲೆ ಸಾಲಾಗಿ ನಿಂತು ಹೋರಾಡುವಾಗ, ಎರಡು ಈಟಿ ಇಲ್ಲದಿದ್ದರೆ ಇರುವ ಒಂದನ್ನು ಎಸೆಯಬೇಡ, ಅಲ್ಲಿ ಒಂದು ಈಟಿ ಎರಡು ಕತ್ತಿಗಿಂತ ಮೇಲು ಅಂತ. ಹಡಗಿನ ಮೇಲಾದರೆ ಎಸೆಯದೇ ಇಟ್ಟುಕೊಳ್ಳುವುದಕ್ಕೇ ಎರಡು ಬೇಕು, ಒಂದು ಉದ್ದ, ಒಂದು ಗಿಡ್ಡ. ನಮ್ಮಲ್ಲಿ ಅಪ್ಪಂದಿರು ಎಲ್ಐಸಿ ಪಾಲಿಸಿ ಬಗ್ಗೆ ಹೇಳುವ ಧಾಟಿಯಲ್ಲೇ ಇದೆ.

ಇನ್ನು ವಾಪಸ್ ಎಸೆಯುವ ವಿಚಾರ. ಐಸ್‌ಲ್ಯಾಂಡಿನ ಹಳೇ ವೀರಕಥೆಗಳಿಗೆ ಸಾಗಾ ಅಂತಾರೆ. ನ್ಯಾಲ್ ಸಾಗಾದ ಗುನ್ನಾರ್ ಹಾರಿ ಬರುತ್ತಿದ್ದ ಈಟಿಯನ್ನು ಗಾಳಿಯಲ್ಲೇ ಹಿಡಿದು ತಕ್ಷಣ ತಿರುಗಿ ಎಸೆಯುತ್ತಾನೆ. ಸಾಗಾ ಅಂದಮೇಲೆ ಸ್ವಲ್ಪ ಮಸಾಲೆ ಇದ್ದೇ ಇರುತ್ತದೆ. ಆದರೆ 991ರಲ್ಲಿ ಇಂಗ್ಲೆಂಡಿನ ಮಾಲ್ಡನ್‌ನಲ್ಲಿ ವೈಕಿಂಗರ ಜೊತೆ ನಡೆದ ಯುದ್ಧದ ಮೇಲೆ ಒಂದು ಹಳೇ ಇಂಗ್ಲಿಷ್ ಕಾವ್ಯ ಇದೆ. ಅದರಲ್ಲೂ ಇದೇ. ನಾಯಕ ಬಿರ್ತ್‌ನೋತ್‌ಗೆ ಈಟಿ ನಾಟುತ್ತದೆ. ಪಕ್ಕದಲ್ಲಿದ್ದ ವುಲ್ಫ್‌ಮೇರ್ ಅನ್ನುವ ಇನ್ನೂ ಮೀಸೆ ಬಲಿಯದ ಹುಡುಗ ಆ ರಕ್ತದ ಈಟಿ ಕಿತ್ತು, ಎಸೆದವನಿಗೇ ಎಸೆದು ಬೀಳಿಸುತ್ತಾನೆ.

ಇದಕ್ಕೆ ಉಪಾಯ? ಗ್ರೆಟ್ಟಿರ್ ಸಾಗಾ ಓದಿ. ಗ್ರೆಟ್ಟಿರ್‌ನ ಅಣ್ಣ ಅಟ್ಲಿಯನ್ನು ಥೋರ್‌ಬ್ಯೋರ್ನ್ ಅನ್ನುವವನು ಮನೆ ಬಾಗಿಲಲ್ಲೇ ಈಟಿಯಿಂದ ಚುಚ್ಚಿ ಕೊಂದಿರುತ್ತಾನೆ. ಗ್ರೆಟ್ಟಿರ್ ಸೇಡಿಗೆ ಹೊರಡುತ್ತಾನೆ. ಥೋರ್‌ಬ್ಯೋರ್ನ್ ಮಗನ ಜೊತೆ ಹೊಲದಲ್ಲಿ ಹುಲ್ಲು ಹೊರೆ ಕಟ್ಟುತ್ತಿರುತ್ತಾನೆ. ಗ್ರೆಟ್ಟಿರ್ ಒಂದು ಕಡೆ ಕೂತು, ತನ್ನ ಈಟಿಯ ಅಲಗನ್ನು ಕಾವಿಗೆ ಬಿಗಿದಿದ್ದ ಮೊಳೆ ಕಿತ್ತು ಬಿಸಾಕುತ್ತಾನೆ. ಎಸೆದ ಮೇಲೆ ಅಲಗು ಕಳಚಿಕೊಳ್ಳಲಿ, ಅವನು ವಾಪಸ್ ಎಸೆಯದಿರಲಿ ಅಂತ.

ಗೇಮರ್_ಗುರು
ಬಾಪ್ರೇ, ಬುದ್ಧಿ! ಆಮೇಲೆ?

ಹಳೇ_ಪೆಟ್ಟಿಗೆ
ಆಮೇಲೆ ಏನು, ಎಸೆದ. ಅಲಗು ಅವನು ಅಂದುಕೊಂಡಿದ್ದಕ್ಕಿಂತ ಸಡಿಲ ಆಗಿತ್ತು. ದಾರಿ ಮಧ್ಯದಲ್ಲೇ ಕಳಚಿ ನೆಲಕ್ಕೆ ಬಿತ್ತು 😄 ಕೊನೆಗೆ ಕತ್ತಿಯಲ್ಲೇ ಅಪ್ಪ ಮಗ ಇಬ್ಬರನ್ನೂ ಮುಗಿಸಿದ. ಇನ್ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ, ಸ್ಟುರ್ಲಾ ಥೋರ್ಡರ್ಸನ್ ಅನ್ನುವ ಕಾನೂನು ಪಂಡಿತನ ಕಡೆಗಾಲದಲ್ಲಿ, ಅವನು ತೀರಿಕೊಂಡದ್ದು 1284ರಲ್ಲಿ, ಆ ಅಲಗು ಅಲ್ಲೇ ಜೌಗಿನಲ್ಲಿ ಸಿಕ್ಕಿತು ಅಂತ ಸಾಗಾ ಹೇಳುತ್ತದೆ. ಆ ಜಾಗಕ್ಕೆ ಈಟಿ ಜೌಗು ಅಂತಲೇ ಹೆಸರು ಬಿತ್ತಂತೆ.

ವಾಪಸ್ ಬರುವ ಈಟಿಯನ್ನು ಅವರು ಬಯಸಲಿಲ್ಲ, ಬರದ ಹಾಗೆ ಮಾಡಲು ಮೊಳೆ ಕಿತ್ತರು. ಹುಡುಗನಿಗೆ ಇದನ್ನು ಹೇಳಿ.

ಆರ್ಹುಸ್_ಕನ್ನಡತಿ
ಈ ಕಥೆ ನನಗೆ ತುಂಬಾ ಇಷ್ಟ. ಬೇರೆ ಹೊಗಳು ಕಥೆಗಳಲ್ಲಿ ನಾಯಕನ ಉಪಾಯ ಯಾವತ್ತೂ ಫೇಲ್ ಆಗಲ್ಲ. ಇಲ್ಲಿ ಮೊಳೆ ಕಿತ್ತಿದ್ದೇ ಎಡವಟ್ಟು.

ಬಯಲುಸೀಮೆ_ಬಸವ
ನಮ್ಮಪ್ಪನ ಗುದ್ದಲಿ ಹೀಗೇ, ಬೀಸಿದರೆ ಕಾವು ಕೈಯಲ್ಲಿ, ಗುದ್ದಲಿ ಪಕ್ಕದ ಹೊಲದಲ್ಲಿ.

ಮೀನ್_ಸಾರು
ಪೆಟ್ಟಿಗೆ ಸರ್, ಒಂದು ತಕರಾರು. ಈ ಸಾಗಾ ಎಲ್ಲ 13-14ನೇ ಶತಮಾನದಲ್ಲಿ ಬರೆದ ಕಥೆ, ನಡೆದದ್ದು 10-11ನೇ ಶತಮಾನದಲ್ಲಿ ಅಂತೀರಿ. ನಮ್ಮಜ್ಜ ಅವರಜ್ಜನ ಬಗ್ಗೆ ಹೇಳಿದ್ದನ್ನು ಕೋರ್ಟಿನಲ್ಲಿ ಸಾಕ್ಷಿ ಅಂತ ಒಪ್ಪುತ್ತಾರಾ?

ಹಳೇ_ಪೆಟ್ಟಿಗೆ
ಗ್ರೆಟ್ಟಿರ್ ಅವತ್ತು ಮೊಳೆ ಕಿತ್ತನೋ ಇಲ್ಲವೋ, ಅದಕ್ಕೆ ಸಾಕ್ಷಿ ಆಗಲ್ಲ. ಆದರೆ ಕೇಳುವವರು "ಹೌದಪ್ಪ, ಹಾಗೆ ಮಾಡ್ತಾರೆ" ಅಂತ ತಲೆ ಆಡಿಸದಿದ್ದರೆ ಕಥೆಗಾರ ಅದನ್ನು ಸೇರಿಸುತ್ತಿರಲಿಲ್ಲ. ಕಥೆ ಸುಳ್ಳಾದರೂ ಅದರೊಳಗಿನ ಮೊಳೆ ನಿಜ.

ಮೀನ್_ಸಾರು
ಹ್ಞೂಂ. ಅರ್ಧ ಒಪ್ಪಿದೆ.

ಗೇಮರ್_ಗುರು
ಎರಡು ಕೈಯಲ್ಲೂ ಒಂದೇ ಸಲ ಎಸೆಯೋ ಮೂವ್ ಇದೆ ಗೇಮಲ್ಲಿ. ಅದಾದರೂ ನಿಜಾನಾ?

ಹಳೇ_ಪೆಟ್ಟಿಗೆ
ನಾರ್ವೆ ದೊರೆ ಓಲಾಫ್ ಟ್ರಿಗ್ವಸನ್ ಎರಡು ಕೈಯಲ್ಲಿ ಎರಡು ಈಟಿ ಒಟ್ಟಿಗೇ ಎಸೆಯುತ್ತಿದ್ದ ಅಂತ ಸ್ನೋರಿ ಬರೆದಿದ್ದಾನೆ. ಅದೇ ದೊರೆ ಹಡಗು ಚಲಿಸುತ್ತಿರುವಾಗ ಹೊರಗೆ ಚಾಚಿದ ಹುಟ್ಟುಗಳ ಮೇಲೆ ನಡೆಯುತ್ತಿದ್ದ, ಮೂರು ಕಿರುಗತ್ತಿ ಗಾಳಿಯಲ್ಲಿ ಆಡಿಸುತ್ತಿದ್ದ ಅಂತಲೂ ಇದೆ. ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು. 'ರಾಜನ ಕನ್ನಡಿ'ಯಲ್ಲೂ ಎರಡೂ ಕೈ ಪಳಗಿಸು ಅನ್ನುವ ಮಾತಿದೆ. ಕವಣೆ ಬೀಸುವುದನ್ನು ಕಲಿ ಅಂತಲೂ ಇದೆ, ಕೈಕವಣೆ ಮತ್ತು ಕೋಲಿಗೆ ಕಟ್ಟಿದ ಕವಣೆ ಎರಡನ್ನೂ. ಹುರಿಯ ಆಯುಧ ಅಂದರೆ ಅದೂ ಸೇರುತ್ತದೆ.

ಬಯಲುಸೀಮೆ_ಬಸವ
ಕವಣೆ ಅಂದರೆ ನಮ್ಮದು! ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಹಕ್ಕಿ ಓಡಿಸಿದ್ದೇನೆ. ಗುರಿ ಹಕ್ಕಿಗೆ, ಕಲ್ಲು ಬಿದ್ದದ್ದು ದೊಡ್ಡಪ್ಪನ ಬೆನ್ನಿಗೆ. ಅವತ್ತಿನಿಂದ ಕವಣೆ ಮುಟ್ಟಿಲ್ಲ.

ಸುಮ್ನೆ_ಬಂದೆ
ಬಸವಣ್ಣಾ, ದೊಡ್ಡಪ್ಪ ವಾಪಸ್ ಎಸೆದರಾ?

ಬಯಲುಸೀಮೆ_ಬಸವ
ಚಪ್ಪಲಿ ಎಸೆದರು. ಹುರಿ ಇರಲಿಲ್ಲ, ಆದರೂ ಗುರಿ ತಪ್ಪಲಿಲ್ಲ.

ಆರ್ಹುಸ್_ಕನ್ನಡತಿ
😂😂 ಯುದ್ಧ ಶುರುವಾಗುವ ಮೊದಲು ಶತ್ರುಗಳ ತಲೆ ಮೇಲಿಂದ ಒಂದು ಈಟಿ ಎಸೆಯುತ್ತಿದ್ದರಲ್ಲ, ಅದನ್ನೂ ಹೇಳಿ ಸರ್. ಅದು ಕೊಲ್ಲುವುದಕ್ಕಲ್ಲ, ಇವರೆಲ್ಲ ಓಡಿನ್‌ಗೆ ಸೇರಿದವರು ಅಂತ ಮುಡಿಪು ಕಟ್ಟುವುದು.

ಹಳೇ_ಪೆಟ್ಟಿಗೆ
ಹೌದು, ಐರ್‌ಬಿಗ್ಯಾ ಸಾಗಾದಲ್ಲಿ ಸ್ಟೈನ್‌ಥೋರ್ ಅನ್ನುವವನು ಹಳೇ ಪದ್ಧತಿಯಂತೆ ಎದುರಾಳಿ ಸ್ನೋರಿಯ ಗುಂಪಿನ ಮೇಲೆ ಈಟಿ ಹಾಯಿಸುತ್ತಾನೆ. ಶಾಸ್ತ್ರಕ್ಕೆ ಎಸೆದದ್ದು ಹೋಗಿ ಒಬ್ಬನಿಗೆ ನಾಟಿತು. (ಈ ಸ್ನೋರಿ ಬೇರೆ, ಎಡ್ಡಾ ಬರೆದವನಲ್ಲ.)

ರೋಮನ್ನರ ಒಂದು ಕಥೆಯೂ ನೆನಪಾಯಿತು. ಮಿಣಿಗೆ ಇನ್ನೊಂದು ಉಪಯೋಗ. ಕ್ರಿ.ಪೂ. 54ರಲ್ಲಿ ಗಾಲ್ ದೇಶದಲ್ಲಿ (ಈಗಿನ ಫ್ರಾನ್ಸ್, ಬೆಲ್ಜಿಯಂ ಕಡೆ) ರೋಮನ್ ಸೇನಾಪತಿ ಸೀಸರ್‌ನ ಒಂದು ಪಾಳೆಯಕ್ಕೆ ಶತ್ರುಗಳು ಮುತ್ತಿಗೆ ಹಾಕಿದ್ದರು. "ಬರುತ್ತಿದ್ದೇನೆ, ಧೈರ್ಯವಾಗಿರಿ" ಅಂತ ಸೀಸರ್ ಪತ್ರ ಬರೆದು, ಈಟಿಯ ಮಿಣಿಗೆ ಕಟ್ಟಿ ಒಳಗೆ ಎಸೆಯಲು ಹೇಳಿದ. ಎಸೆದರು. ಅದು ಹೋಗಿ ಒಂದು ಗೋಪುರಕ್ಕೆ ಸಿಕ್ಕಿಕೊಂಡಿತು. ಎರಡು ದಿನ ಯಾರೂ ನೋಡಲೇ ಇಲ್ಲ! ಮೂರನೇ ದಿನ ಒಬ್ಬ ಸೈನಿಕ ಕಂಡು ಇಳಿಸಿದ.

ಸುಮ್ನೆ_ಬಂದೆ
ಎರಡು ದಿನ ಸಿಂಗಲ್ ಟಿಕ್.

ಟ್ರ್ಯಾಕ್‌ಸೂಟ್
ಬೆಣ್ಣೆಯವರೇ, ಇಷ್ಟೆಲ್ಲ ಮಾತಾಡುವ ಬದಲು ಒಂದು ಸಲ ಎಸೆದು ನೋಡಿ. ಹಗುರಾದ ಬಿದಿರು ಕೋಲು ತಗೊಳ್ಳಿ, ಮುಂದಿನ ತುದಿಗೆ ಸ್ವಲ್ಪ ಭಾರ ಕಟ್ಟಿ. ಮೊನೆ ಬೇಡ, ಬಟ್ಟೆ ಸುತ್ತಿ. ಖಾಲಿ ಮೈದಾನ, ಬೆಳಗಿನ ಹೊತ್ತು. ಮುಂದೆ ಯಾರೂ ಇರಬಾರದು, ಹಿಂದೆಯೂ ಇರಬಾರದು. ಹಿಂದೆ ಅಂದಿದ್ದು ಮರೀಬೇಡಿ.

ದಾವಣಗೆರೆ_ಬೆಣ್ಣೆ
*(ಮೂರು ದಿನ ಬಿಟ್ಟು)*
ವರದಿ ಒಪ್ಪಿಸುತ್ತಿದ್ದೇನೆ.

ಬಿದಿರು ಕೋಲಿಗೆ ಬುಗುರಿ ಚಾಟಿಯನ್ನೇ ಕಟ್ಟಿದೆವು. ಮೊದಲು ಬರಿಗೈಲಿ. ನನ್ನದು 22 ಹೆಜ್ಜೆ, ಅವನದು 27. (ನನಗೆ ಭುಜ ನೋವಿದೆ.) ಆಮೇಲೆ ಚಾಟಿ ಹಾಕಿ. ಮೊದಲ ಎಸೆತ ಕಾಲ ಬುಡದಲ್ಲೇ ಬಿತ್ತು. ಎರಡನೆಯದೂ ಅಷ್ಟೇ. ಮೂರನೆಯದು ಟ್ರ್ಯಾಕ್‌ಸೂಟ್ ಸರ್ ಹೇಳಿದ ಹಾಗೆ ಹಿಂದಕ್ಕೆ ಹೋಯಿತು, ಪುಣ್ಯಕ್ಕೆ ಅಲ್ಲಿ ನನ್ನ ಸ್ಕೂಟರ್ ಬಿಟ್ಟರೆ ಯಾರೂ ಇರಲಿಲ್ಲ. ಇಂಡಿಕೇಟರ್ ಹೋಯಿತು.

ಹನ್ನೆರಡೋ ಹದಿಮೂರನೆಯದೋ ಇರಬೇಕು, ಅವನು ಎಸೆದದ್ದು. ಚಾಟಿ ಚಟ್ ಅಂತ ಬೆರಳು ಬಿಟ್ಟಿತು, ಕೋಲು ಗಿರಗಿರ ತಿರುಗುತ್ತಾ ನೆಟ್ಟಗೆ ಹೋಯಿತು. ಸದ್ದೇ ಬೇರೆ, ಗುಂಯ್ ಅಂತ. ಅಳೆದರೆ 41 ಹೆಜ್ಜೆ. ಇಬ್ಬರೂ ಹುಚ್ಚರ ಹಾಗೆ ಕೂಗಿದೆವು. ವಾಕಿಂಗ್ ಬಂದಿದ್ದ ಒಬ್ಬರು ಅಜ್ಜ ನಿಂತು ನೋಡಿ, "ಏನಪ್ಪಾ ಇದು, ಬುಗುರಿಗೆ ಬಾಲ ಬಂದಿದೆ" ಅಂದರು.

ಕ್ವಾಂಟಂ_ಕೊಟ್ರೇಶಿ
ಎಷ್ಟು ಸುತ್ತು ಸುತ್ತಿದ್ದಿರಿ? ಜಾಸ್ತಿ ಸುತ್ತಿದರೆ ಬಿಚ್ಚೋಕೆ ಟೈಮ್ ಸಾಲಲ್ಲ, ಅದಕ್ಕೇ ಕಾಲ ಬುಡಕ್ಕೆ ಬಿದ್ದಿರೋದು.

ದಾವಣಗೆರೆ_ಬೆಣ್ಣೆ
ಮೊದಲು ಎಂಟು ಸುತ್ತು. ಆಮೇಲೆ ಅವನೇ ಕಡಿಮೆ ಮಾಡಿ ಮೂರಕ್ಕೆ ಇಳಿಸಿದ.

ಕ್ವಾಂಟಂ_ಕೊಟ್ರೇಶಿ
ಹುಡುಗನನ್ನು ಸೈನ್ಸಿಗೆ ಸೇರಿಸಿ.

ಬೆಳಗಾವಿ_ಕುಂದಾ
ಅದೆಲ್ಲ ಇರಲಿ, ದೋಸೆ ಯಾರು ಕೊಡಿಸಿದರು?

ದಾವಣಗೆರೆ_ಬೆಣ್ಣೆ
ಪಂದ್ಯ ನಾನು ಗೆದ್ದೆ, ಅವನೇ ಒಪ್ಪಿಕೊಂಡ. ಹೋಟೆಲ್‌ಗೂ ಹೋದೆವು. ನಾಲ್ಕು ದೋಸೆ ತಿಂದಾದ ಮೇಲೆ ಪರ್ಸ್ ಮನೆಯಲ್ಲಿದೆ ಮಾಮಾ ಅಂದ.